ಹನ್ನೊಂದು ಸೆಕೆಂಡಿನ ನಾದ

ತೊಂಬತ್ತು ನಿಮಿಷದ ಆ ಕ್ಯಾಸೆಟ್ಟಿನಲ್ಲಿ ಹೇಮಂತನ ತಲೆ ಕೆಡಿಸಿದ್ದು ಬರೀ ಹನ್ನೊಂದು ಸೆಕೆಂಡು. ಉಳಿದ ಎಂಬತ್ತೊಂಬತ್ತು ಚಿಲ್ಲರೆ ನಿಮಿಷ ಅವನ ಬೆರಳಿಗೆ ಬಂದು ವರ್ಷವಾಗಿತ್ತು.

ಕ್ಯಾಸೆಟ್ಟಿನ ಮೇಲೆ ಅವನಪ್ಪ ಶ್ರೀನಿವಾಸರಾಯರ ದುಂಡನೆಯ ಅಕ್ಷರದಲ್ಲಿ ‘ಗಣೇಶೋತ್ಸವ, ನಾರಾಯಣಗೂಡ, 1984. ಗಿಟಾರ್: ತಿಪ್ಪೇಸ್ವಾಮಿ’ ಎಂದು ಬರೆದಿತ್ತು. ಈ ತಿಪ್ಪೇಸ್ವಾಮಿ ಹಗಲು ಅಂಚೆ ಇಲಾಖೆಯಲ್ಲಿ ಠಸ್ಸೆ ಒತ್ತುತ್ತ, ಸಂಜೆಗೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ ಮನುಷ್ಯ. ಆ ಕ್ಯಾಸೆಟ್ಟಿನ ಕೊನೆಯ ತುಣುಕಿನಲ್ಲಿ ಅವರ ಗಿಟಾರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ತುತ್ತತುದಿಯ ಸ್ವರ ಮುಟ್ಟಿ, ಗಕ್ಕನೆ ನಿಲ್ಲುತ್ತದೆ. ಆಗ ಕೆಳಗಿನಿಂದ ಒಂದು ನಾದ ಏಳುತ್ತದೆ. ಕಲ್ಲು ಹಾಸಿನ ಮೇಲೆ ಯಾರೋ ಭಾರದ ಕಪಾಟು ಎಳೆದಂತೆ ಗುರುಗುರು ಎಂದು ಶುರುವಾಗಿ, ನಡುಗುತ್ತ ನಡುಗುತ್ತ ಏರಿ, ಒಡೆದು, ಕೊನೆಗೆ ಸಣ್ಣದೊಂದು ಸಿಳ್ಳೆಯಾಗಿ ಕರಗುತ್ತದೆ. ಹನ್ನೊಂದು ಸೆಕೆಂಡು. ಆಮೇಲೆ ಚಪ್ಪಾಳೆ.

ಆ ನಾದ ತನ್ನ ಗಿಟಾರಿನಿಂದ ಬರಬೇಕು ಎಂಬುದು ಹೇಮಂತನ ಜೀವದ ಆಸೆ. ಅವನು ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದ. ವಾರದ ಐದು ದಿನ ಪರರ ತಪ್ಪು, ಉಳಿದೆರಡು ದಿನ ತನ್ನ ಗಿಟಾರಿನ ತಪ್ಪು. ತಂತಿ ಬದಲಿಸಿದ, ಗಿಟಾರನ್ನೇ ಬದಲಿಸಿದ, ಏನು ಮಾಡಿದರೂ ಕಪಾಟು ಕದಲಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯನ್ನು ಅವನ ತಾಯಿ ತುಳಸಾಬಾಯಿ ಕಾಯಿಪಲ್ಯ ಹೆಚ್ಚುತ್ತ ಗೋಡೆಗೆ ಹೇಳುತ್ತಿದ್ದರು. ಕ್ಯಾಸೆಟ್ಟು ಆ ಜಾಗಕ್ಕೆ ಬಂದಾಗಲೆಲ್ಲ ಎದ್ದು ಅಡಿಗೆಮನೆಗೆ ಹೋಗಿಬಿಡುವುದು ಅವರ ರೂಢಿ.

ಮದುವೆಯಾಗಿ ಮೂರು ತಿಂಗಳಾಗಿದ್ದ ಹೆಂಡತಿ ದೀಪ್ತಿ ಮಾತ್ರ ಮೊದಲ ಸಲ ಅದನ್ನು ಕೇಳಿದಾಗ ಕಣ್ಣರಳಿಸಿದ್ದಳು.

“ಈ ಧ್ವನಿ ನನಗ ಗೊತ್ತದರೀ,” ಎಂದಿದ್ದಳು.

“ಎಲ್ಲಿ ಕೇಳೀದಿ?”

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಅವಳ ಕಡೆ ನೋಡಿದರು. “ಎಲ್ಲೋ ಕೇಳೀನಿ, ನೆನಪಾಗವಲ್ದು,” ಎಂದು ದೀಪ್ತಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಸಂಗೀತದ ಕಿವಿ ಇರುವ ಹೆಂಡತಿ ಸಿಕ್ಕಳೆಂದು ಹೇಮಂತ ಆ ದಿನವೆಲ್ಲ ಹಿಗ್ಗಿದ.

ಇಷ್ಟಕ್ಕೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಅವರ ಕನ್ನಡ ಸಂಘದವರು ಆ ವರ್ಷದ ವಾರ್ಷಿಕೋತ್ಸವದಲ್ಲಿ ತಿಪ್ಪೇಸ್ವಾಮಿಯವರಿಗೇ ಸನ್ಮಾನ ಇಟ್ಟುಕೊಂಡರು. ನಿವೃತ್ತರಾಗಿ ಮಿಯಾಪುರದಲ್ಲಿ ಮಗಳ ಮನೆಯಲ್ಲಿದ್ದ ಅವರನ್ನು ಸಂಘದ ಕಾರ್ಯದರ್ಶಿ ಶ್ರೀನಿವಾಸರಾಯರೇ ಹುಡುಕಿ ತೆಗೆದಿದ್ದರು. ಅವರೆದುರು ಅವರದೇ ತುಣುಕನ್ನು ನುಡಿಸುವವನು ಹೇಮಂತ ಎಂದು ಕರಪತ್ರವೂ ಅಚ್ಚಾಯಿತು. ಭಾನುವಾರ ಸಂಜೆ ನಾಲ್ಕಕ್ಕೆ, ದಿಲ್‌ಸುಖ್‌ನಗರದ ಒಂದು ಹಾಲಿನಲ್ಲಿ. ಗುರುವಿನ ಎದುರು ಆ ಹನ್ನೊಂದು ಸೆಕೆಂಡು ಬರದೆ ಹೋದರೆ ಗಿಟಾರನ್ನು ಅಟ್ಟಕ್ಕೆ ಹಾಕುತ್ತೇನೆಂದು ಹೇಮಂತ ಮನಸ್ಸಿನಲ್ಲೇ ಶಪಥ ಮಾಡಿದ.

ಶನಿವಾರ ಅವನು ಆಬಿಡ್ಸಿನ ಕಡೆಯ ಒಂದು ಅಂಗಡಿಯಿಂದ ಹಳೇ ಕಾಲದ ಆಂಪ್ಲಿಫೈಯರ್ ತಂದ. ಒಳಗೆ ಬಲ್ಬಿನಂಥ ವಾಲ್ವುಗಳು, ಹೊರಗೆ ಟ್ರಂಕಿನಷ್ಟು ತೂಕ. ‘ಹಾಳು ಮಾಡದಿದ್ದರೆ ಸೋಮವಾರ ವಾಪಸ್ ತಗೊಳ್ತೀನಿ’ ಎಂದು ಅಂಗಡಿಯವನು ಮಾತು ಕೊಟ್ಟಿದ್ದ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೇಮಂತ ಅದರ ಗುಂಡಿ ಒತ್ತಿದ. ವಾಲ್ವು ಕೆಂಪಗಾಗುವ ಮೊದಲೇ ಢಪ್ಪೆಂದು ಫ್ಯೂಜು ಹಾರಿತು. ಮನೆಯದಲ್ಲ, ಇಡೀ ಕಟ್ಟಡದ್ದು.

ದಿನ ಬಿಟ್ಟು ದಿನ ಒಂದು ತಾಸು ನೀರು ಬರುವ ಊರಿನಲ್ಲಿ, ನೀರು ಬಂದ ತಾಸಿನಲ್ಲೇ ಮೋಟಾರು ನಿಲ್ಲಿಸಿದವನನ್ನು ದೇವರು ಕ್ಷಮಿಸಬಹುದು, ಮೇಲಿನ ಮನೆಯ ಶರಣಬಸಮ್ಮ ಕ್ಷಮಿಸುವುದಿಲ್ಲ. ಆಕೆ ಖಾಲಿ ಕೊಡ ಹಿಡಿದೇ ಕೆಳಗಿಳಿದಳು.

“ಏನ್ ತಮ್ಮಾ, ನಿನ್ನ ಪೆಟಗಿ ನೀರ ಕುಡೀತೈತೇನು?”

“ಇಲ್ರೀ ಅಕ್ಕಾರ, ಸ್ವಲ್ಪ ಕರೆಂಟ್ ಜಾಸ್ತಿ ಎಳೀತದ...”

“ಕರೆಂಟ್ ಎಳಕೊಳ್ಳಲಿ, ನನ್ನ ನೀರ್ಯಾಕ ಎಳಕೊಂತು? ಎಷ್ಟ ದೊಡ್ಡ ಡ್ರಮ್ಮು ಖಾಲಿ ಬಿದ್ದೈತಿ, ಬಂದು ನೋಡು!”

ಶ್ರೀನಿವಾಸರಾಯರು ಸ್ಟೂಲು ಹತ್ತಿ ಫ್ಯೂಜಿಗೆ ತಂತಿ ಸುತ್ತುವ ಹೊತ್ತಿಗೆ ನಲ್ಲಿಯಲ್ಲಿ ಗಾಳಿ ಬರತೊಡಗಿತ್ತು. ಮೂರು ಮನೆಯ ಬಕೆಟ್ಟುಗಳೂ ಹೇಮಂತನ ಹೆಸರು ಹೇಳಿಕೊಂಡು ಒಣಗಿದವು.

ಈ ಗದ್ದಲದ ನಡುವೆ ಸಾಯಿಕುಮಾರ ಬಂದ. ಅವನು ಹೇಮಂತನ ಸಹೋದ್ಯೋಗಿ, ರಾಯಚೂರಿನವನು. ಗಿಟಾರ್ ಮುಟ್ಟಿದವನಲ್ಲ, ಆದರೆ ಇಂಟರ್ನೆಟ್ಟಿನಲ್ಲಿ ಅದರ ಬಗ್ಗೆ ಇದ್ದದ್ದನ್ನೆಲ್ಲ ಆಫೀಸಿನ ಪ್ರಿಂಟರಿನಲ್ಲಿ ತೆಗೆದು ಕಂಕುಳಲ್ಲಿಟ್ಟುಕೊಂಡು ತಿರುಗುವವನು. ಕ್ಯಾಸೆಟ್ಟನ್ನು ಮೂರು ಸಲ ಕೇಳಿದ, ಕಣ್ಣು ಮುಚ್ಚಿ ನಾಲ್ಕನೇ ಸಲ ಕೇಳಿದ.

“ಲೇ ಹೇಮ್ಯಾ, ನಿನ್ನ ಬೆರಳಿಂದೇನ್ ತಪ್ಪಿಲ್ಲ. ಇದು ಪೂರಾ ಹಾರ್ಡ್‌ವೇರ್ ಪ್ರಾಬ್ಲಮ್ಮು,” ಎಂದು ತೀರ್ಪು ಕೊಟ್ಟ. “ಬರೀ ಆಂಪ್ಲಿಫೈಯರ್ ಸಾಲೂದಿಲ್ಲ. ಧ್ವನಿ ಒಡೀಬೇಕಂದ್ರ ಕಾಲಾಗ ಒತ್ತೋ ಪೆಡಲ್ ಬೇಕು. ನಡಿ.”

ಭಾನುವಾರವಾದ್ದರಿಂದ ಆಬಿಡ್ಸಿನ ಆ ಅಂಗಡಿ ಮುಚ್ಚಿತ್ತು. ಅಂಗಡಿಯವನ ಮನೆ ಮೇಲಿನ ಮಹಡಿಯಲ್ಲೇ ಇದ್ದುದರಿಂದ ಸಾಯಿಕುಮಾರ ಕೂಗಿ ಕರೆದ. ಆತ ಲುಂಗಿಯಲ್ಲೇ ಇಳಿದು ಶಟರನ್ನು ಮೊಣಕಾಲಷ್ಟು ಎತ್ತಿದ. ಇಬ್ಬರೂ ಬೆಕ್ಕಿನ ಹಾಗೆ ನುಸುಳಿದರು. ಆತ ಸಾಯಿಕುಮಾರ ಕೊಟ್ಟ ವಾಕ್‌ಮನ್ ಕಿವಿಗೆ ಹಾಕಿಕೊಂಡು ಹನ್ನೊಂದು ಸೆಕೆಂಡು ಕೇಳಿದ. ಅವನ ಹುಬ್ಬು ಮೇಲೆ ಹೋಯಿತು.

“ಮಿಯಾಂ, ಯೇ ಗಿಟಾರ್...” ಎಂದು ಬಾಯಿ ತೆರೆದ. ಎದುರಿಗೆ ರಜೆಯ ದಿನ ಶಟರ್ ಕೆಳಗೆ ನುಸುಳಿ ಬಂದ ಗಿರಾಕಿ. ಕಪಾಟಿನಲ್ಲಿ ಎರಡು ವರ್ಷದಿಂದ ಧೂಳು ತಿನ್ನುತ್ತಿದ್ದ ಪೆಡಲ್ಲು. ಆತ ಬಾಯಿ ಮುಚ್ಚಿ, ಬೇರೆ ರೀತಿ ತೆರೆದ. “ಯೇ ಗಿಟಾರ್ ಕಾ ಆವಾಜ್ ಬಹುತ್ ಊಂಚೀ ಚೀಜ್ ಹೈ ಮಿಯಾಂ. ಇಸ್ ಕೋ ಯಹೀ ಪೆಡಲ್ ಹೋನಾ.”

ಇಂಥ ದೊಡ್ಡ ನಾದಕ್ಕೆ ಆ ಪೆಡಲ್ಲೇ ಆಗಬೇಕೆಂದಮೇಲೆ ಕೇಳುವುದೇನು, ಪೆಡಲ್ಲು ಬಂತು. ಮನೆಯಲ್ಲಿ ಹಚ್ಚಿ ನೋಡಿದರೆ ಗುರುಗುರು ಬಂತು, ನಡುಕ ಬರಲಿಲ್ಲ. ಸಾಯಿಕುಮಾರ ತನ್ನ ಕಾಗದದ ಕಟ್ಟು ತಿರುವಿದ. ಹಿಂದಿನ ಕಾಲದವರು ಸ್ಪೀಕರಿನ ಕಾಗದಕ್ಕೆ ತೂತು ಹಾಕಿ ಧ್ವನಿ ಒಡೆಸುತ್ತಿದ್ದರಂತೆ.

“ತೂತು ಹಾಕಿದ್ರ ಅವ ವಾಪಸ್ ತಗೊಳ್ಳೂದಿಲ್ಲಲೇ,” ಎಂದ ಹೇಮಂತ.

“ನಿನಗ ವಾಪಸ್ ಕೊಡೋದೈತೋ, ಗುರುವಿನ ಮುಂದ ಬಾರಿಸೋದೈತೋ?”

ಹೇಮಂತ ಹೆಂಡತಿಯ ಸೆರಗಿನ ಪಿನ್ನು ಕೇಳಿದ. ದೀಪ್ತಿ ಪಿನ್ನು ತೆಗೆದು ಕೊಡುತ್ತ, “ರೀ, ಇಷ್ಟೆಲ್ಲಾ ಯಾಕ ಬೇಕು? ಆ ಧ್ವನಿ ಇಲ್ಲದ ಬಾರಿಸಿದ್ರೂ ಛಲೋ ಇರ್ತದ,” ಎಂದಳು.

“ನಿನಗ ತಿಳಿಯೂದಿಲ್ಲ ದೀಪ್ತಿ. ಆ ಧ್ವನಿ ಕೇಳಿದ್ರ ನನಗ ಸಣ್ಣವನಿದ್ದಾಗಿಂದೂ ಏನೋ ಒಂಥರಾ ಸಮಾಧಾನ. ಮೈಯೆಲ್ಲಾ ಹಗುರ ಆಗ್ತದ.”

ದೀಪ್ತಿ ಅವನ ಮುಖ ನೋಡಿದಳು. ಅಷ್ಟು ಸಂತೋಷದಲ್ಲಿದ್ದ ಗಂಡನಿಗೆ ಏನು ಹೇಳುವುದು? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಏಳು ತೂತು ಬಿದ್ದವು. ನಡುಕ ಬಂತು! ಇನ್ನು ಉಳಿದದ್ದು ಆ ಪೊಳ್ಳು ಗುಂಗು, ದೊಡ್ಡದರ ಒಳಗಿನಿಂದ ಬಂದಂಥ ಅನುರಣನ. ಇದನ್ನು ಕಂಡುಹಿಡಿದವಳು ಇಂಟರ್ನೆಟ್ಟು ಕಾಣದ ಶರಣಬಸಮ್ಮ. ಬೆಳಗಿನಿಂದ ಜಗಳ ಮುಂದುವರಿಸಲು ನಾಲ್ಕು ಸಲ ಇಳಿದು ಬಂದಿದ್ದ ಆಕೆಗೂ ಈಗ ಕುತೂಹಲ ಹತ್ತಿತ್ತು.

“ನನ್ನ ಡ್ರಮ್ಮಿನ್ಯಾಗ ಮಾರಿ ಮಾಡಿ ಇಡು. ಹೆಂಗಿದ್ರೂ ನಿನ್ನ ಪುಣ್ಯಾದಿಂದ ಖಾಲಿನೇ ಐತಿ,” ಎಂದಳು.

ನೀಲಿ ಪ್ಲಾಸ್ಟಿಕ್ಕಿನ ಆ ನೀರಿನ ಡ್ರಮ್ಮನ್ನು ಅಡ್ಡ ಮಲಗಿಸಿ, ಅದರ ಬಾಯಿಗೆ ಆಂಪ್ಲಿಫೈಯರಿನ ಬಾಯಿ ಹಚ್ಚಿ, ಹೇಮಂತ ಪೆಡಲ್ಲು ಒತ್ತಿ, ದಪ್ಪ ತಂತಿಯ ಮೇಲೆ ಬೆರಳು ಜಾರಿಸಿದ. ಗುರುಗುರು ಎದ್ದಿತು, ನಡುಗಿತು, ಏರಿತು, ಒಡೆಯಿತು, ಸಿಳ್ಳೆಯಾಯಿತು. ಹನ್ನೊಂದು ಸೆಕೆಂಡು! ಹೇಮಂತನ ಕಣ್ಣಲ್ಲಿ ನೀರು ಬಂತು. ಆ ದಿನ ಆ ಕಟ್ಟಡದಲ್ಲಿ ಬಂದ ನೀರು ಅಷ್ಟೇ.

ಅಡಿಗೆಮನೆಯಿಂದ ತುಳಸಾಬಾಯಿ ಓಡಿ ಬಂದರು. “ಯಾರು, ಮಧ್ಯಾಹ್ನದಾಗ... ಅಯ್ಯ, ಇದು ನಿಂದೇನು?” ಎಂದು ಗಂಡನ ಖಾಲಿ ಆರಾಮ ಕುರ್ಚಿಯನ್ನೊಮ್ಮೆ ನೋಡಿ ಒಳಗೆ ಹೋದರು.

ಮೂರೂವರೆಗೆ ಈ ಸಂಸಾರವೆಲ್ಲ ಸಾಯಿಕುಮಾರನ ಸಮೇತ ಎರಡು ಆಟೋದಲ್ಲಿ ದಿಲ್‌ಸುಖ್‌ನಗರಕ್ಕೆ ಹೊರಟಿತು. ಡ್ರಮ್ಮು ಕಣ್ಣು ತಪ್ಪಬಾರದೆಂದು ಶರಣಬಸಮ್ಮನೂ ಬಂದಳು. ಹಾಲಿನ ವೇದಿಕೆಯ ಮೇಲೆ ಹೂವಿನ ಕುಂಡಗಳ ನಡುವೆ ನೀರಿನ ಡ್ರಮ್ಮು ಮಲಗಿದ್ದನ್ನು ಕಂಡು ಸಭಿಕರು ನಾಟಕವೂ ಇದೆ ಎಂದುಕೊಂಡರು.

ತಿಪ್ಪೇಸ್ವಾಮಿಯವರು ಎರಡು ಬಸ್ಸು ಬದಲಿಸಿ ಬಂದಿದ್ದರು. ತೆಳ್ಳಗೆ, ಬೆಳ್ಳಗೆ, ಗಟ್ಟಿ ಇಸ್ತ್ರಿ ಅಂಗಿ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟದ್ದಾಯಿತು. ಶ್ರೀನಿವಾಸರಾಯರು ಮೈಕಿನ ಮುಂದೆ ನಿಂತರು.

“ಇವರ ಈ ಅಮೋಘ ವಾದನವನ್ನು ಧ್ವನಿಮುದ್ರಿಸಿಕೊಂಡ ಭಾಗ್ಯ ನನ್ನದು. ಮುಂದಿನ ಸಾಲಿನೊಳಗ, ತೊಡಿ ಮ್ಯಾಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು, ಕಾರ್ಯಕ್ರಮ ಮುಗಿಯೂತನಕಾ ಕಣ್ಣು ಸೈತ ಪಿಳುಕಿಸದ ಕೂತಿದ್ದೆ!” ಎಂದು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ಮಾತನ್ನು ಅಂದು ಮುನ್ನೂರು ಜನರೆದುರು ಹೇಳಿದರು. ಹೆಂಗಸರ ಕಡೆ ಕೂತಿದ್ದ ತುಳಸಾಬಾಯಿ ಬೀಸಣಿಗೆ ಜೋರಾಗಿ ಬೀಸಿಕೊಂಡರು.

ಹೇಮಂತ ನುಡಿಸಿದ. ಬೆರಳು ನಡುಗಲಿಲ್ಲ, ಫ್ಯೂಜೂ ಹಾರಲಿಲ್ಲ. ಗಿಟಾರು ಮೆಟ್ಟಿಲೇರಿತು, ತುದಿ ಮುಟ್ಟಿತು, ನಿಂತಿತು. ಅವನು ಕಣ್ಣು ಮುಚ್ಚಿ ಪೆಡಲ್ಲು ಒತ್ತಿದ. ಡ್ರಮ್ಮಿನ ಒಳಗಿನಿಂದ ಆ ನಾದ ಎದ್ದು ಹಾಲಿನ ಕಿಟಕಿಗಳನ್ನು ಗಡಗಡಿಸಿ, ಸಿಳ್ಳೆಯಾಗಿ ಕರಗಿತು. ಜನ ಚಪ್ಪಾಳೆ ತಟ್ಟಿದರು. ಹೇಮಂತ ಕಣ್ಣು ತೆರೆದು ಗುರುವಿನ ಕಡೆ ನೋಡಿದ.

ತಿಪ್ಪೇಸ್ವಾಮಿಯವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಬಾಳೆಹಣ್ಣು ಸುಲಿಯುತ್ತಿದ್ದ ಕೈ ಹಾಗೇ ನಿಂತಿತ್ತು. ಅವರು ಎದ್ದು ಮೈಕಿಗೆ ಬಂದರು.

“ಹುಡುಗ ಭಾಳ ಛಲೋ ಬಾರಿಸಿದ. ಚೀಜು ನಂದೇ ಐತಿ. ಆದ್ರ ತಮ್ಮಾ, ಆ ಕಡೀಕ ಗುರ್ ಅಂದು ಸಿಳ್ಳಿ ಹೊಡೀತಲ್ಲ, ಅದು ಯಾರದು? ನಾ ಅದನ್ನ ಎಂದೂ ಬಾರಿಸಿಲ್ಲ.”

“ಸರ್, ಕ್ಯಾಸೆಟ್ಟಿನ್ಯಾಗ ಅದರಿ!” ಎಂದ ಹೇಮಂತ.

“ನನ್ನ ಹತ್ರ ಪೆಡಲ್ಲೂ ಇರಲಿಲ್ಲ, ಏನೂ ಇರಲಿಲ್ಲ. ನಮ್ಮ ಪೋಸ್ಟ್‌ಮನ್ ಒಬ್ಬಾವ ಹಳೇ ರೇಡಿಯೋ ಬಿಚ್ಚಿ ಕಟ್ಟಿಕೊಟ್ಟ ಡಬ್ಬಿ ಅಷ್ಟ. ಹಚ್ಚು ನೋಡೋಣು.”

ಸಾಯಿಕುಮಾರ ವಾಕ್‌ಮನ್ನಿನ ಇಯರ್‌ಫೋನನ್ನು ಮೈಕಿಗೆ ಹಿಡಿದ. ಗಿಟಾರು ಏರಿತು, ನಿಂತಿತು. ಗುರ್‌ರ್‌ರ್... ಮುನ್ನೂರು ಜನ ಉಸಿರು ಬಿಗಿಹಿಡಿದು ಕೇಳಿದರು. ಸಿಳ್ಳೆ ಕರಗಿದ ಕೂಡಲೇ ಸಾಯಿಕುಮಾರ ಕ್ಯಾಸೆಟ್ಟು ನಿಲ್ಲಿಸಿದ. ಆಗ ಹೆಂಗಸರ ಕಡೆಯಿಂದ ತುಳಸಾಬಾಯಿಯ ಧ್ವನಿ ಕೇಳಿಸಿತು. ಅವರು ಪಕ್ಕದವರಿಗೆ ಹೇಳಿದ್ದು. ಆದರೆ ಇಪ್ಪತ್ತು ವರ್ಷ ಹಿಡಿದಿಟ್ಟುಕೊಂಡ ಮಾತು ಮೆಲ್ಲಗೆ ಹೊರಬೀಳುವುದುಂಟೇ?

“ಅದು ನಮ್ಮನಿಯವರ ಗೊರಕೀರಿ. ಮೂಗಿನ ಆಪರೇಶನ್ ಆಗೂತನಕಾ ಹತ್ತು ವರ್ಷ ಕೇಳೀನಿ, ನನಗ ಗೊತ್ತಾಗೂದಿಲ್ಲೇನು?”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಶರಣಬಸಮ್ಮ ನಗುತ್ತ ನಗುತ್ತ ಡ್ರಮ್ಮನ್ನು ತಬ್ಬಿಕೊಂಡಳು. ಶ್ರೀನಿವಾಸರಾಯರು, “ಕಣ್ಣು ಮುಚ್ಚಿ ತನ್ಮಯನಾಗಿದ್ದೆ, ನಿದ್ದಿ ಅಲ್ಲ ಅದು,” ಎಂದು ಮೈಕಿಗೆ ಹೇಳಲು ಹೋದರೆ ಮೈಕಿನವನೂ ನಗುತ್ತಿದ್ದ.

ಎಲ್ಲರಿಗಿಂತ ಹೆಚ್ಚು ನಕ್ಕವರು ತಿಪ್ಪೇಸ್ವಾಮಿ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಅಂದರು: “ರಾಯರ, ಇಪ್ಪತ್ತು ವರ್ಷಕ್ಕ ಇವತ್ತ ತಿಳೀತು ನೋಡ್ರಿ. ಆವತ್ತ ನಾ ಆ ಸಪ್ಪಳ ಕೇಳಿ ಜನರೇಟರ್ ಬಂದ್ ಬೀಳಾಕತ್ತೈತಿ ಅಂತ ಹೆದರಿ, ಕೊನೀ ಸಾಲು ಬಿಟ್ಟ ಎದ್ದುಬಿಟ್ಟೆ!”

ಹೇಮಂತ ವೇದಿಕೆಯ ಮೇಲೆ ತನ್ನ ಸರಂಜಾಮಿನ ನಡುವೆ ನಿಂತಿದ್ದ. ವಾಲ್ವು, ಪೆಡಲ್ಲು, ಏಳು ತೂತು, ಒಂದು ಡ್ರಮ್ಮು. ಇಷ್ಟೆಲ್ಲ ಕಟ್ಟಿ ಅವನು ಸಾಧಿಸಿದ್ದು ಅಪ್ಪನ ಗೊರಕೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ತಿಪ್ಪೇಸ್ವಾಮಿಯವರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

“ಬ್ಯಾಸರ ಮಾಡ್ಕೋಬ್ಯಾಡ. ನನ್ನ ಚೀಜನ್ನ ಇಷ್ಟ ಪ್ರೀತಿಲೆ ಇಪ್ಪತ್ತು ವರ್ಷ ಯಾರು ಕೇಳ್ಯಾರ? ತಾ ಆ ಗಿಟಾರ.”

ಪೆಡಲ್ಲಿನಿಂದ ತಂತಿ ಕಿತ್ತು ಅವರು ಅದನ್ನು ಹಾಲಿನ ಸಾದಾ ಮೈಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಇಪ್ಪತ್ತು ವರ್ಷದ ಹಿಂದೆ ಬಿಟ್ಟೆದ್ದ ಆ ಕೊನೆಯ ಸಾಲನ್ನು ನುಡಿಸಿದರು. ಗುರುಗುರು ಇಲ್ಲ, ನಡುಕ ಇಲ್ಲ. ಬಿಸಿಲಿಗೆ ಹಾಕಿದ ಬಿಳಿ ಪಂಚೆಯಂಥ ಧ್ವನಿ. ಅದು ಮೇಲಿನಿಂದ ಮೆಲ್ಲನೆ ಇಳಿದು, ಹೊರಟ ಜಾಗಕ್ಕೇ ಬಂದು ಕೂತಿತು. ಹೇಮಂತನಿಗೆ ನಾಚಿಕೆಯೆಲ್ಲ ಮರೆತುಹೋಯಿತು. ತಾನು ಬದುಕಿನುದ್ದಕ್ಕೂ ಅರ್ಧ ಕೇಳಿದ್ದ ಹಾಡು ಇಂದು ಪೂರ್ತಿಯಾಯಿತು ಎಂದು ಅವನ ಎದೆ ತುಂಬಿ ಬಂತು.

ಮರಳುವಾಗ ಸಾಯಿಕುಮಾರ ಬಸ್ಸು ಹಿಡಿದ, ಹಿರಿಯರು ಮೊದಲಿನ ಆಟೋದಲ್ಲಿ ಹೋದರು. ಡ್ರಮ್ಮು ಹಿಡಿಸಲಿಲ್ಲವೆಂದು ಶರಣಬಸಮ್ಮ ಅದನ್ನು ಹೇಮಂತನ ವಶಕ್ಕೆ ಕೊಟ್ಟು, “ನಾಳೆ ತುಂಬಿಸಿ ಕೊಡು,” ಎಂದಿದ್ದಳು. ನಾಳೆ ನೀರಿನ ದಿನವಲ್ಲ. ಎರಡನೇ ಆಟೋದಲ್ಲಿ ಹೇಮಂತ, ದೀಪ್ತಿ, ಕಾಲಬುಡದಲ್ಲಿ ಆಂಪ್ಲಿಫೈಯರು, ತೊಡೆಯ ಮೇಲೆ ಡ್ರಮ್ಮು.

“ಇವತ್ತಿಗೆ ಮುಗೀತು,” ಎಂದ ಹೇಮಂತ. “ಆ ಗುರುಗುರು ಇನ್ನ ನನ್ನ ಜೀವನದಾಗ ಬ್ಯಾಡ. ಗುರುಗಳ ಹಂಗ ಸಾದಾ ಬಾರಿಸ್ತೀನಿ. ನಿನಗೂ ಕೇಳಿ ಕೇಳಿ ಸಾಕಾಗಿರಬೇಕು.”

“ರೂಢಿ ಆಗೇದ ಬಿಡ್ರಿ,” ಎಂದಳು ದೀಪ್ತಿ.

“ಹೌದಲ್ಲ, ಮೊದಲನೇ ಸಲ ಕೇಳಿದಾಗ ಗೊತ್ತಿದ್ದ ಧ್ವನಿ ಅಂದಿದ್ದೆಲ್ಲ? ಅಪ್ಪನ ಆಪರೇಶನ್ ಆಗಿ ಎಷ್ಟೋ ವರ್ಷ ಆತು. ನೀ ಎಲ್ಲಿ ಕೇಳೀದಿ?”

ದೀಪ್ತಿ ಹೊರಗೆ ನೋಡಿದಳು. ಮಲಕಪೇಟೆಯ ಬಳಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮದುವೆಯಾಗಿ ಮೂರೇ ತಿಂಗಳು. ಅತ್ತೆ ಇಪ್ಪತ್ತು ವರ್ಷ ಹಲ್ಲುಕಚ್ಚಿದ್ದರು. ಆದರೂ ಇವತ್ತು ಅತ್ತೆಯೇ ದಾರಿ ತೋರಿಸಿದ್ದಾರೆ. ಅವಳು ಧೈರ್ಯ ತಂದುಕೊಂಡು, “ರೀ, ನೀವು ಸಿಟ್ಟಾಗಬಾರದು...” ಎಂದು ಅವನ ಕಡೆ ತಿರುಗಿದಳು.

ಬೆಳಗಿನಿಂದ ಭಾರ ಹೊತ್ತು ದಣಿದಿದ್ದ ಹೇಮಂತನ ತಲೆ ಆಗಲೇ ಡ್ರಮ್ಮಿನ ಬಾಯಿಯೊಳಗೆ ವಾಲಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಟೋದವನು ಗಾಡಿಯನ್ನು ಬದಿಗೆ ತೆಗೆದುಕೊಂಡು ನಿಲ್ಲಿಸಿದ. ತಲೆ ಕೆರೆದುಕೊಂಡ.

“ಮೇಡಂ, ಇಂಜನ್ ಮೇ ಕುಛ್ ಗಡಬಡ್ ಹೈ. ಐಸಾ ಆವಾಜ್ ಕಭೀ ನಹೀಂ ಆಯಾ.”

ಅವನು ಇಂಜಿನ್ ಬಂದ್ ಮಾಡಿ, ಇಳಿದು, ಹಿಂದೆ ಹೋಗಿ ಮುಚ್ಚಳ ತೆಗೆದು ಬಗ್ಗಿದ. ಇಂಜಿನ್ನು ತಣ್ಣಗೆ ನಿಂತಿತ್ತು. ನೀಲಿ ಡ್ರಮ್ಮಿನ ಒಳಗಿನಿಂದ ಮಾತ್ರ ಭಾರದ ಕಪಾಟೊಂದು ಗುರುಗುರು ಎಂದು ಹೊರಟು, ನಡುಗುತ್ತ ಏರಿ, ಒಡೆದು, ಸಣ್ಣ ಸಿಳ್ಳೆಯಾಗಿ ಕರಗಿತು. ಪೆಡಲ್ಲಿಲ್ಲ, ವಾಲ್ವಿಲ್ಲ, ತೂತಿಲ್ಲ. ದೀಪ್ತಿ ಕೈಗಡಿಯಾರ ನೋಡಿಕೊಂಡಳು. ಸರಿಯಾಗಿ ಹನ್ನೊಂದು ಸೆಕೆಂಡು.

“ಇಂಜನ್ ಠೀಕ್ ಹೈ ಭಯ್ಯಾ, ಚಲೋ,” ಎಂದಳು ಅವಳು. ಪರ್ಸಿನಿಂದ ಹತ್ತಿಯ ಎರಡು ಉಂಡೆ ತೆಗೆದು, ಒಂದನ್ನು ಆಟೋದವನಿಗೆ ಕೊಡಬೇಕೇ ಎಂದು ಯೋಚಿಸಿ, ಎರಡನ್ನೂ ತನ್ನ ಕಿವಿಗೇ ಇಟ್ಟುಕೊಂಡಳು.